ಕಡಲಪಾಡಿಗೆ ಎಷ್ಟು ಪರ್ಸೆಂಟ್?

ವಸುಧಾ ಕೆಲಸಕ್ಕೆ ಸೇರಿ ವರ್ಷ ತುಂಬುವ ಮೊದಲೇ ಅವಳ ಊರು ಅವಳ ಮೇಜಿನ ಮೇಲೆ ಬಂದು ಕೂತಿತು.

೧೯೯೯ರ ಮಾರ್ಚ್ ತಿಂಗಳು. ತೈಲ ಕಂಪನಿಗಳೇ ತುಂಬಿದ್ದ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್‌ನಲ್ಲಿದ್ದ ಅವಳ ಕಂಪನಿ ದೇಶ ದೇಶಗಳ ಬಂದರುಗಳಲ್ಲಿ ಅನಿಲದ ಕೊಳವೆ ಹಾಕಿಸುವ ಗುತ್ತಿಗೆ ಹಿಡಿಯುತ್ತಿತ್ತು. ಆ ಕೊಳವೆಗಳನ್ನು ಬೆಸೆಯುವವರು ಕಂಪನಿಯ ನೌಕರರಾಗಿರಲಿಲ್ಲ. ಅವರೆಲ್ಲ ತಮ್ಮದೇ ಮೆಷಿನ್ನು, ತಮ್ಮದೇ ಟ್ರಕ್ಕು ಇಟ್ಟುಕೊಂಡು ಯಾರ ಹಂಗೂ ಇಲ್ಲದೆ ದುಡಿಯುವ ವೆಲ್ಡರುಗಳು. ಯಾವ ದೇಶಕ್ಕೆ ಹೋದರೆ ಅವರಿಗೆ ದಿನಕ್ಕೆ ಎಷ್ಟು ಕೊಡಬೇಕು ಎಂದು ನಿಗದಿ ಮಾಡುವುದು ವಸುಧಾ ಇದ್ದ ವಿಭಾಗದ ಕೆಲಸ. ವಿಭಾಗದ ಮುಖ್ಯಸ್ಥ ಗ್ಲೆನ್ ಐವತ್ತು ದಾಟಿದ ಮನುಷ್ಯ. ಇಡೀ ದಿನ ಕಾಗದದ ಲೋಟದಿಂದ ಐಸ್ ಬಾಯಿಗೆ ಹಾಕಿಕೊಂಡು ಕಟಕಟ ಕಡಿಯುತ್ತಿದ್ದ.

ಅವತ್ತು ಬೆಳಿಗ್ಗೆ ಅವನು ಒಂದು ಫೈಲು ತಂದು ಅವಳ ಮುಂದೆ ಹಾಕಿ, "ಇಂಡಿಯಾದ್ದು. ಈ ಊರಿನ ಹೆಸರು ನನ್ನ ಬಾಯಲ್ಲಿ ಹೊರಳ್ತಿಲ್ಲ. ನೀನು ಹೇಳು ನೋಡೋಣ" ಎಂದ.

ವಸುಧಾ ಬಗ್ಗಿ ಓದಿದಳು. ಮರುಕ್ಷಣ "ಕಡಲಪಾಡಿ!" ಎಂದು ಎಷ್ಟು ಜೋರಾಗಿ ಕೂಗಿದಳೆಂದರೆ ಆಚೆ ಮೇಜುಗಳಿಂದ ಮೂರು ನಾಲ್ಕು ತಲೆಗಳು ಮೇಲೆದ್ದವು. ಕಾಪುವಿನ ಅವಳ ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ಹತ್ತಿರದ ಊರು ಅದು. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುವಾಗ ಗೆಳತಿಯರನ್ನು ಕಟ್ಟಿಕೊಂಡು ಅಲ್ಲಿನ ಬಂಡೆಗಳ ಮೇಲೆ ಕೂತು ಚರುಮುರಿ ತಿಂದಿದ್ದಳು. ಈಗ ಅದೇ ಬಂಡೆಗಳ ಪಕ್ಕದಲ್ಲಿ ಒಂದು ಜೆಟ್ಟಿ. ಅದರ ಮೇಲೆ ಕೊಳವೆ. ಅದನ್ನು ಬೆಸೆಯಲು ಟೆಕ್ಸಸ್ಸಿನಿಂದ ಮೂವರು ವೆಲ್ಡರುಗಳು!

"ನೀನು ಅಲ್ಲಿಯವಳಾ?" ಗ್ಲೆನ್ ಐಸ್ ಕಡಿಯುವುದನ್ನು ನಿಲ್ಲಿಸಿದ. "ಹಾಗಾದರೆ ಈ ಕೆಲಸ ಪೂರ್ತಿ ನಿನ್ನದೇ. ನಾನು ಕೈ ಹಾಕೋದಿಲ್ಲ. ಮೂವರನ್ನೂ ಹೋಗಿ ಕಾಣು, ಮಾತಾಡು, ರೇಟ್ ಹಾಕು. ಈ ತಿಂಗಳ ಕೊನೆಗೆ ಜೆಟ್ಟಿ ಕಟ್ಟಿಸಿ ದುಡ್ಡು ಕೊಡೋ ಬೆಂಗಳೂರಿನವರ ಜೊತೆ ಫೋನಿನಲ್ಲಿ ಮೀಟಿಂಗ್ ಇದೆ."

ಮೊದಲ ಬಾರಿಗೆ ಒಂದು ಕೆಲಸ ಪೂರ್ತಿ ಅವಳ ಕೈಗೆ ಬಂದಿತ್ತು. ವಸುಧಾಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಿಂತುಕೊಂಡೇ ಫೈಲು ತಿರುವಿದಳು. ರೇಟಿನ ಹಾಳೆಯಲ್ಲಿ ಎಲ್ಲ ಕಾಲಂಗಳೂ ಅವಳಿಗೆ ಗೊತ್ತಿದ್ದವೇ. ಒಂದು ಕಾಲಂ ಮಾತ್ರ ಖಾಲಿ ಇತ್ತು. ಅದು ಕಷ್ಟದ ಭತ್ಯೆ. ಬದುಕಲು ಕಷ್ಟವಾದ ಜಾಗಕ್ಕೆ ಹೋಗುವವರಿಗೆ ಕಂಪನಿ ದಿನಗೂಲಿಯ ಮೇಲೆ ಇಷ್ಟು ಪರ್ಸೆಂಟ್ ಎಂದು ಹೆಚ್ಚಿಗೆ ಸೇರಿಸುತ್ತಿತ್ತು. ಅಂಗೋಲಾಕ್ಕೆ ಮೂವತ್ತು, ಕಜಾಕಿಸ್ತಾನಕ್ಕೆ ಮೂವತ್ತೈದು.

"ಕಡಲಪಾಡಿಗೆ ಎಷ್ಟು?" ಎಂದು ಗ್ಲೆನ್ ಕೇಳಿದ. "ಅಲ್ಲಿ ಬದುಕೋದು ಎಷ್ಟು ಕಷ್ಟ?"

ಈ ಪ್ರಶ್ನೆಯನ್ನು ವಸುಧಾಳಿಗೆ ಈ ತನಕ ಯಾರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಉಷಾರಾಣಿ ಕಾಪುವಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಆಗಷ್ಟೇ ಶಾಲೆ ಮುಗಿಸಿ ಬಂದಿದ್ದರು. ಸುದ್ದಿ ಕೇಳಿ ಅವರಿಗೂ ಖುಷಿಯೋ ಖುಷಿ. ಆದರೆ ಭತ್ಯೆಯ ವಿಷಯ ಬಂದದ್ದೇ ತಡ, ದನಿ ಬದಲಾಯಿತು.

"ಎಂತ ಭತ್ಯೆ?"

"ಕಷ್ಟದ ಭತ್ಯೆ ಅಮ್ಮ. ನಮ್ಮ ಊರಲ್ಲಿ ಇರೋದು ಕಷ್ಟ ಅಲ್ವಾ, ಅದಕ್ಕೆ."

"ಯಾರಿಗೆ ಕಷ್ಟ? ಮೂವತ್ತು ವರ್ಷದಿಂದ ನಾನು ಇಲ್ಲೇ ಇದ್ದೇನೆ ಮಾರಾಯ್ತಿ. ನನಗೆ ಯಾರಾದ್ರೂ ಕೊಟ್ರಾ ಅದನ್ನು? ನಿನ್ನ ಆಫೀಸಿನವರಿಗೆ ಹೇಳು, ಹಿಂದಿನ ಬಾಕಿ ಎಲ್ಲ ಸೇರಿಸಿ ನನಗೂ ಕಳಿಸ್ಲಿಕ್ಕೆ!"

ವಸುಧಾ ನಕ್ಕಳು. ಅಮ್ಮ ನಗಲಿಲ್ಲ. "ಸೊನ್ನೆ ಹಾಕು" ಎಂದು ಹೇಳಿ ಫೋನಿಟ್ಟರು.

ಸೊನ್ನೆ ಹಾಕಿದರೆ ವೆಲ್ಡರುಗಳ ದುಡಿಮೆಯಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೋಗುತ್ತದೆ. ಮೂವತ್ತು ಹಾಕಿದರೆ ತಾನು ಹುಟ್ಟಿದ ಕರಾವಳಿಯನ್ನು ತಾನೇ ನರಕ ಎಂದು ಬರೆದುಕೊಟ್ಟಂತೆ. ಕಾರು ಓಡಿಸುತ್ತ ಇದನ್ನೇ ಯೋಚಿಸಿದಳು. ಆದರೂ ಅವಳ ಉತ್ಸಾಹ ಕುಂದಲಿಲ್ಲ. ಉತ್ತರ ಎಲ್ಲೋ ಇದೆ, ಹೋಗಿ ಹುಡುಕಬೇಕು ಅಷ್ಟೇ ಅನ್ನಿಸಿತು.

ಮೊದಲ ವೆಲ್ಡರು ರೇ ಟಾಲಿವರ್. ಹ್ಯೂಸ್ಟನ್ನಿನ ದಕ್ಷಿಣಕ್ಕೆ, ಗ್ಯಾಲ್ವೆಸ್ಟನ್ನಿನ ಕಡಲ ದಂಡೆಯಲ್ಲಿ ಅವನ ಶೆಡ್ಡು. ಸಿಗಡಿ ಹಿಡಿಯುವ ದೋಣಿಯೊಂದರ ಹೊಟ್ಟೆಯ ಕೆಳಗಿನಿಂದ ತೆವಳಿಕೊಂಡು ಹೊರಬಂದ ಅವನು ಮುಖದ ಕವಚ ಮೇಲೆತ್ತಿ ಕೈ ಒರೆಸಿಕೊಂಡ. ಕೆಂಪು ಗಡ್ಡ, ಅಗಲವಾದ ನಗು.

"ಆ ಊರು ಹೇಗಿದೆ?" ಎಂದು ಅವನೇ ಮೊದಲು ಕೇಳಿದ.

"ಸೆಖೆ ಇರುತ್ತೆ. ಅಂಗಿ ಮೈಗೆ ಅಂಟಿಕೊಳ್ಳುತ್ತೆ."

ರೇ ತನ್ನ ಬೆನ್ನು ತಿರುಗಿಸಿ ತೋರಿಸಿದ. ಅಂಗಿ ಮೈಗೆ ಅಂಟಿಕೊಂಡಿತ್ತು.

"ಸೊಳ್ಳೆ ಜಾಸ್ತಿ."

"ಇಲ್ಲಿ ಸೊಳ್ಳೆಗಳಿಗೆ ನಾವು ಹೆಸರಿಟ್ಟು ಕರೀತೇವೆ."

"ಊಟಕ್ಕೆ ಮೀನು, ಸಿಗಡಿ, ಏಡಿ. ಖಾರ ಇರುತ್ತೆ."

"ನಿಲ್ಲಿಸಮ್ಮಾ" ಎಂದ ರೇ, ಎರಡೂ ಕೈ ಮೇಲೆತ್ತಿ. "ಇನ್ನೂ ಹೇಳಿದರೆ ನಾನೇ ದುಡ್ಡು ಕೊಟ್ಟು ಹೋಗಬೇಕಾಗುತ್ತೆ."

ಇಬ್ಬರೂ ನಕ್ಕರು. ವಸುಧಾ ಸುತ್ತ ನೋಡಿದಳು. ಉಪ್ಪುಗಾಳಿಗೆ ತುಕ್ಕು ಹಿಡಿದ ತಗಡು, ಒಣಗಲು ಹಾಕಿದ ಬಲೆ, ಕಾಗೆಗಳ ಬದಲಿಗೆ ಕಡಲಹಕ್ಕಿಗಳ ಗಲಾಟೆ. ಇವನಿಗೆ ಕಡಲಪಾಡಿಯಲ್ಲಿ ಯಾವ ಕಷ್ಟವೂ ಇರಲಿಕ್ಕಿಲ್ಲ. ಹಾಗಾದರೆ ಇವನಿಗೆ ಸೊನ್ನೆಯೇ?

"ಹೊರದೇಶದ ಕೆಲಸದಲ್ಲಿ ನಿಮಗೆ ನಿಜವಾಗಿ ಕಷ್ಟ ಆದದ್ದು ಯಾವುದು?" ಎಂದು ಕೇಳಿದಳು.

ರೇಯ ನಗು ಇಳಿಯಿತು. ಎರಡು ವರ್ಷದ ಹಿಂದೆ ಕಜಾಕಿಸ್ತಾನಕ್ಕೆ ಹೋಗಿದ್ದನಂತೆ. ಕೊಳವೆಗಳು ಬರಬೇಕಾದ ರೈಲು ಬರಲಿಲ್ಲ. ಅವನೂ ಇನ್ನಿಬ್ಬರೂ ಒಂದು ಕಬ್ಬಿಣದ ಕಂಟೇನರಿನೊಳಗೆ ಚಳಿಗಾಲ ಪೂರ್ತಿ ಇಸ್ಪೀಟು ಆಡುತ್ತ ಕೂತರು. ಬೆಸೆಯಲಿಲ್ಲ, ಆದ್ದರಿಂದ ದುಡ್ಡಿಲ್ಲ. "ಮೂವತ್ತೈದು ಪರ್ಸೆಂಟ್ ಹೆಚ್ಚಿಗೆ ಕೊಟ್ಟರು ಅಂತ ಎಲ್ಲರೂ ನನಗೆ ಕೈ ಕುಲುಕಿದರು. ಯಾವುದರ ಮೇಲೆ ಮೂವತ್ತೈದು? ಸೊನ್ನೆಯ ಮೇಲೆ! ಚಳಿ ನನ್ನನ್ನ ಏನೂ ಮಾಡಲಿಲ್ಲ. ಸುಮ್ಮನೆ ಕೂತದ್ದೇ ಕೊಂದು ಹಾಕ್ತು."

ಆ ಶುಕ್ರವಾರ ವಸುಧಾ ಆಸ್ಟಿನ್ನಿಗೆ ಹೊರಟಳು. ಅಷ್ಟು ದೂರ ಒಬ್ಬಳೇ ಡ್ರೈವ್ ಮಾಡಿದ್ದು ಅದೇ ಮೊದಲು. ಕಾರು ಸೆಕೆಂಡ್ ಹ್ಯಾಂಡ್ ಕೊರೊಲಾ. ವೇಗ ಎಪ್ಪತ್ತು ಮೈಲಿ ಮುಟ್ಟಿದರೆ ಬಾಗಿಲೊಂದು ಗುನುಗಲು ಶುರು ಮಾಡುತ್ತಿತ್ತು. ೨೯೦ನೇ ಹೆದ್ದಾರಿಯ ಇಕ್ಕೆಲಗಳಲ್ಲೂ ನೀಲಿ ಹೂಗಳು ಚಾಪೆ ಹಾಸಿದ್ದವು. ಕಿಟಕಿ ಇಳಿಸಿ, ಗಾಳಿಗೆ ಕೂದಲು ಬಿಟ್ಟು, ಬಾಯಿಗೆ ಬಂದ ಹಾಡು ಹೇಳಿಕೊಳ್ಳುತ್ತ ಹೋದಳು.

ಎರಡನೆಯವಳು ಲೋರ್ನಾ ಪ್ರುಯಿಟ್. ನಲವತ್ತೈದರ ಗಟ್ಟಿ ಹೆಂಗಸು, ಮಾತು ಕಡಿಮೆ. ಆಸ್ಟಿನ್ನಿನ ದಕ್ಷಿಣ ಭಾಗದಲ್ಲಿ ಅವಳ ವರ್ಕ್‌ಶಾಪು. ಬಿಯರ್ ತಯಾರಿಸುವವರ ಸ್ಟೀಲ್ ಟ್ಯಾಂಕುಗಳನ್ನು ಬೆಸೆಯುವುದರಲ್ಲಿ ಊರಿಗೇ ಹೆಸರಾದವಳು. ಸೆಖೆ, ಸೊಳ್ಳೆ, ಊಟ ಯಾವುದನ್ನೂ ಅವಳು ವಿಚಾರಿಸಲಿಲ್ಲ.

"ನಾನು ಹೋದ ಮೇಲೆ ಈ ಬಾಗಿಲಿಗೆ ಬೀಗ" ಎಂದಳು. "ಗಿರಾಕಿಗಳು ಕಾಯೋದಿಲ್ಲ. ಬೇರೆಯವರ ಹತ್ತಿರ ಹೋಗ್ತಾರೆ. ಹಿಂದೆ ಬಂದು ಅವರನ್ನ ಮತ್ತೆ ಸೇರಿಸಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಅದಕ್ಕೆ ನಿಮ್ಮ ಹಾಳೆಯಲ್ಲಿ ಕಾಲಂ ಇದೆಯಾ?"

ಇರಲಿಲ್ಲ. ವಸುಧಾ ಹಾಗೆಯೇ ಹೇಳಿದಳು. ಲೋರ್ನಾ ಅವಳನ್ನೇ ಒಂದು ಗಳಿಗೆ ನೋಡಿ, "ಇಲ್ಲ ಅಂತ ನೇರವಾಗಿ ಹೇಳಿದವಳು ನೀನೇ ಮೊದಲು" ಎಂದು ಒಂದು ಕುರ್ಚಿ ಎಳೆದು ಕೊಟ್ಟಳು.

ರಾತ್ರಿ ಆಸ್ಟಿನ್ನಿನಲ್ಲೇ ಓದುತ್ತಿದ್ದ ಗೆಳತಿ ಗಾರ್ಗಿಯ ಕೋಣೆಯಲ್ಲಿ ಉಳಿದು, ಬೆಳಗಾದ ಮೇಲೆ ಡಾಲಸ್ ಕಡೆಗೆ ಹೊರಟಳು. ಮೂರನೆಯವನು ಅಲ್ಲೇ ಪಕ್ಕದ ಯೂಲೆಸ್‌ನವನು. ಕಾಗದದಲ್ಲಿ ಅವನ ಹೆಸರು "ಆ್ಯಂಡಿ ಪಿ." ಎಂದಷ್ಟೇ ಇತ್ತು. ಗ್ಲೆನ್ ಅವನ ಬಗ್ಗೆ, "ನಮ್ಮಲ್ಲಿರೋರಲ್ಲಿ ಇಂಥ ಕೈ ಇನ್ನೊಂದಿಲ್ಲ. ಮಾತು ಮಾತ್ರ ಅರ್ಧ ತಿಳಿಯೋದಿಲ್ಲ" ಎಂದಿದ್ದ. ಪೋಲೆಂಡಿನವನಿರಬೇಕು ಎಂದುಕೊಂಡಿದ್ದಳು.

ಆ ಮನೆ ವಿಮಾನ ನಿಲ್ದಾಣದ ಬೇಲಿಗೆ ಅಷ್ಟೇನೂ ದೂರವಿರಲಿಲ್ಲ. ಅವಳು ಕಾರಿನಿಂದ ಇಳಿಯುವಾಗ ದೊಡ್ಡ ವಿಮಾನವೊಂದು ಮಾಡಿಗೆ ತಾಗುವಂತೆ ಇಳಿಯಿತು. ಆ ಸದ್ದು ಅಡಗಿದ ಮೇಲೆ ಗ್ಯಾರೇಜಿನೊಳಗಿಂದ ಹೆಂಗಸಿನ ದನಿ ಕೇಳಿಸಿತು.

"ಆಫೀಸ್ನ್ಯಾರು ಬರಾಕತ್ತಾರ, ನೀವು ಹರಕ ಬನೀನ ಹಾಕ್ಕೊಂಡು ಕುಂತೀರಲ್ರಿ! ಅಂಗಿ ಹಾಕ್ಕೊಳ್ರಿ ಮೊದಲ!"

ವಸುಧಾ ನಿಂತಲ್ಲೇ ನಿಂತಳು. ಆಮೇಲೆ ಓಡಿದಳು. ಗ್ಯಾರೇಜಿನ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ನೀವು ಕನ್ನಡದವರಾ?" ಎಂದು ಕೇಳಿದಳು.

ಒಳಗಿದ್ದ ಇಬ್ಬರೂ ಅವಳನ್ನು ಬೆಪ್ಪಾಗಿ ನೋಡಿದರು. ಗಂಡಸಿನ ಒಂದು ತೋಳು ಅಂಗಿಯೊಳಗೆ, ಇನ್ನೊಂದು ಹೊರಗೆ.

"ಅಯ್ಯ ನಮ್ಮವ್ವ!" ಎಂದಳು ಹೆಂಗಸು. "ಆಫೀಸ್ನ್ಯಾರು ಅಂದ್ರ ನೀವ ಏನ್ರಿ? ಒಳಗ ಬರ್ರಿ, ಯಾಕ ನಿಂತೀರಿ? ಏನ್ರಿ, ಕನ್ನಡದ ಹುಡುಗಿ ಬಂದಾಳ ನೋಡ್ರಿ!"

ಆ್ಯಂಡಿ ಪಿ. ಎಂದರೆ ನಿಪ್ಪಾಣಿಯ ಅಣ್ಣಾಸಾಹೇಬ ಪಾಟೀಲ. ಕುವೈತಿನಲ್ಲಿ ಕೊಳವೆ ಬೆಸೆಯುತ್ತಿದ್ದವರನ್ನು ಒಬ್ಬ ಅಮೆರಿಕನ್ ಗುತ್ತಿಗೆದಾರ ಹದಿನೈದು ವರ್ಷದ ಹಿಂದೆ ಟೆಕ್ಸಸ್ಸಿಗೆ ಕರೆತಂದಿದ್ದ. ಈಗ ಅವರು ಇಲ್ಲಿನ ನಾಗರಿಕರು. ಸ್ವಂತ ಟ್ರಕ್ಕು, ಸ್ವಂತ ಮೆಷಿನ್ನು. ಹೆಂಡತಿ ಶಾಂತವ್ವ ವಿಮಾನಗಳಿಗೆ ಊಟ ಕಟ್ಟಿಕೊಡುವ ಅಡುಗೆಮನೆಯಲ್ಲಿ ಸೂಪರ್‌ವೈಸರ್. ಕೆಲಸದ ಜಾಗದಲ್ಲಿ ಯಾರ ಬಾಯಲ್ಲೂ ಅಣ್ಣಾಸಾಹೇಬ ಹೊರಳದೆ ಆ್ಯಂಡಿ ಆಗಿದ್ದರು.

ಮಾತು ಹರಿಯಿತು. ಅವಲಕ್ಕಿ ಬಂತು, ಚಹಾ ಬಂತು, ಮತ್ತೆ ಅವಲಕ್ಕಿ ಬಂತು. ಕೆಲಸ ಎಲ್ಲಿ ಎಂದು ವಸುಧಾ ಹೇಳಿದಾಗ ಶಾಂತವ್ವ ಚಪ್ಪಾಳೆ ತಟ್ಟಿದರು. "ನಮ್ಮ ರಾಜ್ಯದಾಗ! ಅಮೆರಿಕಾದ್ಯಾರು ದುಡ್ಡು ಕೊಟ್ಟು ನಿಮ್ಮನ್ನ ನಮ್ಮ ನಾಡಿಗೇ ಕಳಸಾಕತ್ತಾರಲ್ರಿ!"

ಅಣ್ಣಾಸಾಹೇಬರು ಮಾತ್ರ ಗಲ್ಲ ಕೆರೆದುಕೊಂಡರು. "ಅಲ್ಲಿ ಊಟ ಏನಿರತೈತಿ?"

"ಕುಚ್ಚಲಕ್ಕಿ ಅನ್ನ, ಮೀನು ಸಾರು. ಎಲ್ಲದಕ್ಕೂ ತೆಂಗಿನೆಣ್ಣೆ ಒಗ್ಗರಣೆ."

"ನಾವು ಜೈನರು. ಮೀನು ಮುಟ್ಟೂದಿಲ್ಲ. ಕೊಬ್ಬರಿ ಎಣ್ಣಿ ತಲಿಗೆ ಹಚ್ಚಗೋತೀವಿ, ನೀವು ಅದನ್ನ ಒಗ್ಗರಣಿಗೆ ಹಾಕತೀರಿ?"

"ಹೌದು, ಅದೇ ರುಚಿ ಅಲ್ವಾ!"

"ಭಾಷಾ ಆದ್ರೂ ಕನ್ನಡ ಅಲ್ಲೇನು?"

"ಅಲ್ಲಿ ಎಲ್ಲರೂ ಮಾತಾಡೋದು ತುಳು."

ಅಣ್ಣಾಸಾಹೇಬರು ಹೆಂಡತಿಯ ಕಡೆ ತಿರುಗಿದರು. "ಕೇಳಿದೇನ? ನನಗ ಅಲ್ಲಿ ಊಟ ಸೇರೂದಿಲ್ಲ, ಮಾತು ತಿಳಿಯೂದಿಲ್ಲ. ನಮ್ಮ ನಾಡಂತ, ನಮ್ಮ ನಾಡು! ಇದಕ್ಕಿಂತ ಮೆಕ್ಸಿಕೋ ಹತ್ರ ಆತು ನನಗ."

ವಸುಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗ್ಯಾಲ್ವೆಸ್ಟನ್ನಿನ ರೇ ಕಡಲಪಾಡಿಯಲ್ಲಿ ಮನೆಯಲ್ಲಿದ್ದಂತೆ ಇರುತ್ತಾನೆ. ನಿಪ್ಪಾಣಿಯ ಪಾಟೀಲರು ಪರದೇಶಿ ಆಗುತ್ತಾರೆ. ಒಂದು ಊರಿಗೆ ಒಂದು ಪರ್ಸೆಂಟ್ ಎಂದು ಯಾರು ಹೇಳಿದ್ದು?

ಹೊರಡುವಾಗ ಅಣ್ಣಾಸಾಹೇಬರು ಕಾರಿನ ತನಕ ಬಂದರು. "ಒಂದ ಮಾತು. ರೇಟ್ ಮೂರೂ ಮಂದಿಗೆ ಒಂದ ಇರತೈತಲ್ಲ?"

"ಖಂಡಿತ. ಒಂದೇ ಕೆಲಸ, ಒಂದೇ ರೇಟು" ಎಂದಳು ವಸುಧಾ. ಅದರಲ್ಲಿ ಅವಳಿಗೆ ಕೊಂಚವೂ ಅನುಮಾನ ಇರಲಿಲ್ಲ.

ಸೋಮವಾರ ಗ್ಲೆನ್ ಅವಳ ಮಾತನ್ನೆಲ್ಲ ಕೇಳಿದ. ಕೊನೆಗೆ ಮೂರನೆಯ ಹೆಸರಿನ ಮೇಲೆ ಬೆರಳಿಟ್ಟ. "ಆ್ಯಂಡಿ ಹುಟ್ಟಿದ್ದು ಇಂಡಿಯಾದಲ್ಲಾ? ಹಾಗಾದರೆ ಅವನಿಗೆ ಈ ರೇಟ್ ಬರೋದಿಲ್ಲ. ಹುಟ್ಟಿದ ದೇಶಕ್ಕೆ ಹೋಗುವವರಿಗೆ ಅಲ್ಲಿಯ ಸ್ಥಳೀಯ ರೇಟು. ಕಷ್ಟದ ಭತ್ಯೆಯೂ ಇಲ್ಲ. ಅದು ಮೊದಲಿನಿಂದ ಇರುವ ನಿಯಮ."

"ಸ್ಥಳೀಯ ರೇಟಾ? ಅದು ಇಲ್ಲಿನ ಹತ್ತರಲ್ಲಿ ಒಂದು ಭಾಗವೂ ಆಗೋದಿಲ್ಲ!"

"ನಿಯಮ ಮಾಡಿದ್ದು ನಾನಲ್ಲ."

"ಅವರು ಕಟ್ಟೋದು ಯೂಲೆಸ್‌ನ ಮನೆಯ ಕಂತು. ಅವರ ಮೆಷಿನ್ನಿಗೆ ಹಾಕೋದು ಟೆಕ್ಸಸ್ಸಿನ ದುಡ್ಡು" ಎಂದಳು ವಸುಧಾ. "ನಿಮ್ಮಲ್ಲಿ ಇರೋರಲ್ಲೆಲ್ಲ ಅವರೇ ಮೇಲು ಅಂದದ್ದು ನೀವು."

ಗ್ಲೆನ್ ಒಂದು ಐಸಿನ ತುಂಡನ್ನು ಕರಗುವ ತನಕ ಬಾಯಲ್ಲೇ ಇಟ್ಟುಕೊಂಡ. "ಸರಿ. ಇದಕ್ಕಿಂತ ಒಳ್ಳೆಯದು ಏನಾದರೂ ತಂದರೆ ಮೀಟಿಂಗ್‌ನಲ್ಲಿ ನಿನ್ನ ಪಕ್ಕ ಕೂರ್ತೇನೆ. ಬೆಂಗಳೂರಿನವರು ಒಪ್ಪಿದರೆ ಆಯ್ತು. ಒಪ್ಪದಿದ್ದರೆ ಹಳೆಯ ನಿಯಮವೇ."

ಆ ವಾರ ವಸುಧಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಂದೇ ಒಂದು ನಿರ್ಧಾರ ಮಾಡಿದ ಮೇಲೆ ಎಲ್ಲ ಹಗುರವಾಯಿತು. ಪರ್ಸೆಂಟ್ ಕಾಲಂ ತುಂಬುವುದೇ ಬೇಡ. ಕಾಲಂ ಅನ್ನೇ ಕಿತ್ತು ಹಾಕಬೇಕು! ಊರು ಕಷ್ಟದ್ದೋ ಸುಖದ್ದೋ ಎಂದು ಹೇಳಲು ತಾನು ಯಾರು? ಕೆಲಸಕ್ಕೆ ಒಂದು ದಿನಗೂಲಿ ಇರಲಿ. ಬೆಸುಗೆಯ ಪರೀಕ್ಷೆ ಪಾಸಾದ ಯಾರಿಗೇ ಆಗಲಿ, ಎಲ್ಲಿ ಹುಟ್ಟಿದವರೇ ಆಗಲಿ, ಅದೇ. ಕೊಳವೆ ಬಾರದೆ, ಕ್ರೇನ್ ಬಾರದೆ ಸುಮ್ಮನೆ ಕೂರಿಸಿದ ದಿನಕ್ಕೂ ಪೂರ್ತಿ ಕೂಲಿ. ಬಿಟ್ಟುಹೋದ ಗಿರಾಕಿಗಳನ್ನು ಮತ್ತೆ ಸೇರಿಸಿಕೊಳ್ಳುವ ತನಕ ಕೈ ಹಿಡಿಯಲು, ಹಿಂದಿರುಗಿದ ಮೇಲೆ ಒಂದಷ್ಟು ದಿನದ ಕೂಲಿ. ಊಟ ಅವರವರ ಇಷ್ಟದ್ದು, ಖರ್ಚು ಕಂಪನಿಯದು.

ಆದರೆ ಪರ್ಸೆಂಟ್ ಹೋಗುವುದಕ್ಕೆ ವೆಲ್ಡರುಗಳೂ ಒಪ್ಪಬೇಕಲ್ಲ. ರೇಗೆ ಫೋನ್ ಮಾಡಿ, "ಮೂವತ್ತು ಪರ್ಸೆಂಟ್ ಇರೋದಿಲ್ಲ" ಎಂದು ಶುರುಮಾಡಿದಳು. ಆ ಕಡೆ ಸದ್ದೇ ಇಲ್ಲ. "ಆದರೆ ಸುಮ್ಮನೆ ಕೂತ ದಿನಕ್ಕೂ ಕೂಲಿ ಇರುತ್ತೆ" ಎಂದಳು. ಇನ್ನೂ ಸದ್ದಿಲ್ಲ. ಫೋನ್ ಕಟ್ ಆಯಿತೇನೋ ಎಂದುಕೊಂಡಾಗ ರೇ ಹಾಕಿದ ಕೂಗಿಗೆ ಅವಳು ರಿಸೀವರನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಲೋರ್ನಾ ಎಲ್ಲ ಕೇಳಿ, "ಮೂವರಿಗೂ ಒಂದೇನಾ?" ಎಂದಳು. ಹೌದು ಎಂದಾಗ, "ಹಾಗಾದರೆ ನಾನು ಬರ್ತೇನೆ" ಎಂದು ಫೋನಿಟ್ಟಳು. ಅಣ್ಣಾಸಾಹೇಬರಿಗೆ ಮಾತ್ರ ಹಳೆಯ ನಿಯಮದ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ಅವರು, "ಹುಟ್ಟಿದ್ದಕ್ಕ ದಂಡ ಹಾಕತಾರೇನು?" ಎಂದರು. "ನೀವು ಮಾತಾಡ್ರಿ. ಆಗಲಿಲ್ಲಂದ್ರ ನಾ ಬರೂದಿಲ್ಲ. ನಿಮ್ಮ ಮ್ಯಾಲ ಸಿಟ್ಟಿಲ್ಲ."

ಮೀಟಿಂಗ್ ದಿನ ಬೆಳಿಗ್ಗೆ ಏಳಕ್ಕೇ ಆಫೀಸು ಸೇರಿದ್ದಳು. ಉದ್ದ ಮೇಜಿನ ನಡುವೆ ಸ್ಪೀಕರ್ ಫೋನು. ಪಕ್ಕದಲ್ಲಿ ಗ್ಲೆನ್, ಅವನ ಐಸಿನ ಲೋಟ. ಆ ಕಡೆ ಬೆಂಗಳೂರಿನಿಂದ ಜೆಟ್ಟಿ ಕಟ್ಟಿಸುತ್ತಿದ್ದ ಕಂಪನಿಯ ಖರೀದಿ ಮ್ಯಾನೇಜರ್ ಜಯಂತ. ವಸುಧಾ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದಳು.

ಜಯಂತ ಎಲ್ಲ ಕೇಳಿಸಿಕೊಂಡ. ಆಮೇಲೆ ಇದ್ದಕ್ಕಿದ್ದಂತೆ ಕನ್ನಡಕ್ಕೆ ಇಳಿದ.

"ಮೇಡಂ, ನೀವು ನಮ್ಮ ಕಡೆಯವರೇ ಅಲ್ವಾ? ಈ ಪಾಟೀಲ್ ಅನ್ನೋರು ನಿಪ್ಪಾಣಿಯೋರು. ಅವರಿಗೆ ಯಾಕ್ರೀ ಅಮೆರಿಕನ್ ರೇಟು? ಲೋಕಲ್ ರೇಟ್ ಹಾಕಿ ಮುಗಿಸಿಬಿಡಿ. ನಿಮ್ಮ ಬಾಸ್‌ಗೆ ಏನ್ ಗೊತ್ತಾಗುತ್ತೆ?"

ಗ್ಲೆನ್ ಫೋನನ್ನೂ ಅವಳನ್ನೂ ಸರದಿಯಾಗಿ ನೋಡಿದ.

"ಸರ್, ಬಾಸ್‌ಗೆ ಈಗಲೇ ಗೊತ್ತಾಗ್ತದೆ" ಎಂದಳು ಕನ್ನಡದಲ್ಲೇ. ಆಮೇಲೆ ಜಯಂತ ಹೇಳಿದ್ದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಗ್ಲೆನ್‌ಗೆ ಹೇಳಿದಳು. ಗ್ಲೆನ್ ಫೋನಿನ ಮ್ಯೂಟ್ ಗುಂಡಿ ಒತ್ತಿ ಹೊಟ್ಟೆ ಕುಲುಕಿಸಿ ನಕ್ಕ. ಮತ್ತೆ ಗುಂಡಿ ಬಿಟ್ಟು, ಗಂಭೀರವಾಗಿ, "ನಮ್ಮ ಮೂವರು ವೆಲ್ಡರುಗಳೂ ಟೆಕ್ಸಸ್ಸಿನವರು. ಮುಂದುವರಿಸಿ" ಎಂದ.

ಜಯಂತನ ದನಿ ತುಸು ತಗ್ಗಿತು. ಆದರೆ ಬಿಡುವ ಆಸಾಮಿಯಲ್ಲ. "ಸುಮ್ಮನೆ ಕೂತ ದಿನಕ್ಕೆ ಕೂಲಿ ಅಂದರೆ ಹೇಗೆ? ಅದನ್ನು ನಾವು ಯಾಕೆ ಕೊಡಬೇಕು?" ಎಂದು ಇಂಗ್ಲಿಷಿನಲ್ಲೇ ಕೇಳಿದ.

ವಸುಧಾ ಈ ಪ್ರಶ್ನೆಗೇ ಕಾದಿದ್ದಳು. "ಕೊಳವೆಗಳನ್ನು ಜೆಟ್ಟಿಗೆ ತಲುಪಿಸೋದು ಯಾರು ಸರ್?"

"ನಾವು."

"ಹೊತ್ತಿಗೆ ಸರಿಯಾಗಿ ಬರುತ್ತವೆಯಾ?"

"ನೂರಕ್ಕೆ ನೂರು! ನಮ್ಮ ಕಂಪನಿ ಹೇಳಿದ ದಿನಕ್ಕೆ ತಲುಪಿಸುತ್ತೆ."

"ಹಾಗಾದರೆ ಆ ಲೆಕ್ಕದಲ್ಲಿ ನೀವು ಒಂದು ರೂಪಾಯಿಯೂ ಕೊಡಬೇಕಾಗೋದಿಲ್ಲ. ಹಳೆಯ ನಿಯಮದಲ್ಲಿ ಭತ್ಯೆ ಕೊಡಲೇಬೇಕಿತ್ತು. ಇದರಲ್ಲಿ ಕೊಳವೆ ತಡವಾದರೆ ಮಾತ್ರ. ಲೋಕಲ್ ರೇಟಿಗೆ ಪಾಟೀಲರು ಬರೋದಿಲ್ಲ. ಅವರ ಬದಲು ಇಲ್ಲಿಂದ ಬೇರೊಬ್ಬರನ್ನು ಕಳಿಸಿ ಮೂವರಿಗೂ ಹಳೆಯ ಭತ್ಯೆ ಕೊಡುವ ಮೊತ್ತದ ಜೊತೆ ಹೋಲಿಸಿ ನೋಡಿ, ಇದೇ ಕಡಿಮೆ."

ಬೆಂಗಳೂರಿನಲ್ಲಿ ಕ್ಯಾಲ್ಕುಲೇಟರಿನ ಗುಂಡಿಗಳು ಟಿಕ್ ಟಿಕ್ ಎನ್ನುವುದು ಸಮುದ್ರ ದಾಟಿ ಕೇಳಿಸಿತು. ಗ್ಲೆನ್ ಐಸ್ ಕಡಿಯಲಿಲ್ಲ.

"ಕೂತ ದಿನಕ್ಕೆ ಮುಕ್ಕಾಲು ಕೂಲಿ ಮಾಡಿ" ಎಂದ ಜಯಂತ ಕೊನೆಗೆ. "ಉಳಿದದ್ದೆಲ್ಲ ಆಗಲಿ."

"ಮೂವರಿಗೂ ಒಂದೇ ರೇಟು?"

"ಮೂವರಿಗೂ ಒಂದೇ ಮೇಡಂ. ನೀವು ಬಿಡೋರಲ್ಲ."

ಫೋನಿಟ್ಟ ಕೂಡಲೇ ವಸುಧಾ ಕುರ್ಚಿಯಿಂದ ಜಿಗಿದು ಕಿಟಕಿಯ ತನಕ ಓಡಿ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಓಡಿ ಬಂದು ಗ್ಲೆನ್‌ನ ಕೈ ಹಿಡಿದು ಕುಲುಕಿದಳು. ಐಸಿನ ಲೋಟ ಮಗುಚಿತು. "ಹೋಗು, ಹೋಗಿ ಅವರಿಗೆ ಹೇಳು" ಎಂದ ಅವನು ನಗುತ್ತ, ಕರವಸ್ತ್ರದಿಂದ ಮೇಜು ಒರೆಸುತ್ತ.

ಯೂಲೆಸ್‌ನಲ್ಲಿ ಫೋನೆತ್ತಿದ್ದು ಶಾಂತವ್ವ. ಸುದ್ದಿ ಕೇಳಿದವರೇ, "ಏನ್ರೀ! ಬರ್ರಿ ಇಲ್ಲೆ! ಆತಂತ್ರಿ!" ಎಂದು ಕೂಗಿದರು. ಅವರ ಕೂಗೂ ಮೇಲೆ ಹಾರುತ್ತಿದ್ದ ವಿಮಾನದ ಸದ್ದೂ ಒಂದಾಗಿ ವಸುಧಾಳಿಗೆ ಮುಂದಿನದು ಏನೂ ಕೇಳಿಸಲಿಲ್ಲ.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಮೂವರೂ ಕಡಲಪಾಡಿಗೆ ಹೋದರು. ಕೊಳವೆಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಮುಂಬಯಿಯ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡವು. ಮೂರೂ ಜನರಿಗೆ ದಿನದಿನವೂ ಮುಕ್ಕಾಲು ಕೂಲಿ ಏರುತ್ತ ಹೋಯಿತು. ಜಯಂತ ಎಷ್ಟು ಕಂಗಾಲಾದನೆಂದರೆ ತಾನೇ ಮುಂಬಯಿಗೆ ಹೋಗಿ ಕಸ್ಟಮ್ಸ್ ಆಫೀಸಿನ ಬೆಂಚಿನ ಮೇಲೆ ಕೂತು ಕೊಳವೆಗಳನ್ನು ಬಿಡಿಸಿ, ಲಾರಿಗಳ ಹಿಂದೆಯೇ ಕಾರಿನಲ್ಲಿ ಬಂದನಂತೆ. ಆ ಹೊತ್ತಿಗೆ ರೇ ಮೀನುಗಾರರ ದೋಣಿಗಳ ಇಂಜಿನ್ ಸರಿಮಾಡಿಕೊಟ್ಟು ಊರಿನವರಿಗೆಲ್ಲ ಬೇಕಾದವನಾಗಿದ್ದ. ಲೋರ್ನಾ ಬೆಳಿಗ್ಗೆ ಕಡಲಲ್ಲಿ ಈಜುತ್ತಿದ್ದಳು. ಅಣ್ಣಾಸಾಹೇಬರು ಉಡುಪಿಯಿಂದ ಒಬ್ಬ ಅಡುಗೆಯವರನ್ನು ಗೊತ್ತುಮಾಡಿಕೊಂಡು, ತೆಂಗಿನೆಣ್ಣೆಯಲ್ಲಿ ಅಲ್ಲ, ಶೇಂಗಾ ಎಣ್ಣೆಯಲ್ಲೇ ಒಗ್ಗರಣೆ ಬೀಳಬೇಕು ಎಂದು ಎದುರಿಗೆ ನಿಂತು ಮಾಡಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಅವರ ಫೋನ್ ಬಂತು. ಹಿಂದೆ ಅಲೆಗಳ ಸದ್ದು, ಜನರ ಗದ್ದಲ.

"ಮೂರೂ ಮಂದಿ ಮೊದಲನೇ ಜಾಯಿಂಟಿಂದು ಎಕ್ಸ್‌ರೇ ಬಂತ್ರಿ! ಒಂದ ಕೂದಲಷ್ಟೂ ದೋಷ ಇಲ್ಲ! ನಂದೂ ಪಾಸು, ರೇ ಅವಂದೂ ಪಾಸು, ಆ ಹೆಣ್ಮಗಳದಂತೂ ಕನ್ನಡಿ ಇದ್ದಂಗ ಐತಿ!"

ವಸುಧಾ ಆಫೀಸಿನ ನಡುವೆ ನಿಂತು ಹೋ ಎಂದು ಕೂಗಿದಳು. ಈ ಸಲ ತಲೆ ಎತ್ತಿದವರು ಕಾರಣ ಕೇಳಲೂ ಇಲ್ಲ, ಚಪ್ಪಾಳೆ ತಟ್ಟಿದರು.

ಮರುವರ್ಷ ಅವಳ ಕೈಗೆ ಒಮಾನಿನ ಕೆಲಸ ಬಂತು. ಹೊಸ ರೀತಿಯ ರೇಟು ಹಾಕುವುದು ಈಗ ವಿಭಾಗದಲ್ಲಿ ರೂಢಿಯಾಗಿತ್ತು. ಎಲ್ಲ ತನ್ನ ಹಿಡಿತದಲ್ಲಿದೆ ಎಂಬ ಹುಮ್ಮಸ್ಸಿನಲ್ಲಿ ಯೂಲೆಸ್‌ಗೆ ಫೋನ್ ಮಾಡಿದಳು.

"ಅವರು ಮನ್ಯಾಗಿಲ್ಲ" ಎಂದರು ಶಾಂತವ್ವ. "ರೇಟ್ ನಾ ಹೇಳತೀನಿ, ಬರಕೊಳ್ರಿ."

ಅವರು ಹೇಳಿದ ಸಂಖ್ಯೆ ಕೇಳಿ ವಸುಧಾಳ ಪೆನ್ನು ನಿಂತಿತು. "ಆಂಟಿ, ಇದು ತುಂಬಾ ಆಯ್ತು! ಹೋದ ವರ್ಷಕ್ಕಿಂತ ಎಷ್ಟೋ ಜಾಸ್ತಿ."

"ಹೋದ ವರ್ಷ ನೀವು ಹೇಳಿದ್ರಿ, ನಾವು ಕೇಳಿದಿವಿ. ಈ ವರ್ಷ ನಾವು ಹೇಳತೀವಿ, ನೀವು ಕೇಳ್ರಿ. ಬ್ಯಾರೆ ಎರಡು ಕಂಪನ್ಯಾರು ಮುಂಜಾನಿಂದ ಫೋನ್ ಮಾಡಾಕತ್ತಾರ. ಅವರಿಗೆ ಹೂಂ ಅನ್ನಲೇನು?"

"ಬೇಡ ಬೇಡ, ಸ್ವಲ್ಪ ತಾಳಿ! ಬಾಸ್ ಹತ್ತಿರ ಮಾತಾಡಿ ಬರ್ತೇನೆ. ಫೋನ್ ಇಡಬೇಡಿ ಆಂಟಿ, ಪ್ಲೀಸ್!"

ರಿಸೀವರನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು, ನಗು ತಡೆಯಲಾರದೆ, ವಸುಧಾ ಗ್ಲೆನ್‌ನ ಕೋಣೆಯ ಕಡೆಗೆ ಓಡಿದಳು.